ಬಿಳಿ ಐದರಲ್ಲಿ ಹಾಡುವ ಡಬ್ಬಿ

ಹಳೆಯ ಸ್ಟೆಬಿಲೈಜರಿನ ತಗಡಿನ ಡಬ್ಬಿಯೊಳಗೆ ನಾನೇ ಕೂರಿಸಿದ ಆಂಪ್ಲಿಫೈಯರ್ ಅದು. ಹತ್ತೊಂಬತ್ತು ವರ್ಷ ಮನೆಯಲ್ಲಿ ಹಾಡಿದೆ. ಒಂದು ಸಂಜೆ ಎದುರು ಮನೆಯ ಭಾಗವತರು ಬಂದಿದ್ದರು. ಯಕ್ಷಗಾನ ಮೇಳ ಬಿಟ್ಟು ವರ್ಷಗಳಾಗಿವೆ, ಕಿವಿ ಮಾತ್ರ ಇನ್ನೂ ಮೇಳದಲ್ಲೇ ಇದೆ. ನಾನೊಂದು ಖಯಾಲ್ ಹಾಕಿದ್ದೆ. ಹಾಡು ಶುರುವಾಗುವ ಮೊದಲು ಬರೀ ತಂಬೂರಿ ಮೀಟುತ್ತಿದ್ದಾಗಲೇ ಅವರು ತಲೆ ಓರೆ ಮಾಡಿದರು.

“ಅಲ್ಲ ಮಾರಾಯ, ಹಾಡುವವರ ಶ್ರುತಿ ಕಪ್ಪು ಒಂದು. ನಿನ್ನ ಡಬ್ಬಿ ಬಿಳಿ ಐದರಲ್ಲಿ ಗುಂಯ್ ಅಂತಿದೆಯಲ್ಲ. ಇದೆಂಥ ಜುಗಲ್‌ಬಂದಿ?”

ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿಯೇ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹೊರಳುತ್ತದೆ. ಡಯೋಡುಗಳು ಅದರ ಕೆಳಗಿನ ಅರ್ಧವನ್ನೂ ಮೇಲಕ್ಕೆ ಮಡಚುವುದರಿಂದ ಗುಂಯ್‌ಗುಡುವ ಸದ್ದು 100 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ. ಕೆಳಗಿನ ಸಪ್ತಕದ ಬಿಳಿ ಐದು 98 ಹರ್ಟ್ಸ್. ಕಪ್ಪು ಒಂದನ್ನು ಷಡ್ಜ ಎಂದುಕೊಂಡರೆ ಅದು ಸರಿಯಾಗಿ ತೀವ್ರ ಮಧ್ಯಮದ ಜಾಗ. ಶುದ್ಧ ಮಧ್ಯಮದ ರಾಗವೊಂದಕ್ಕೆ ಹತ್ತೊಂಬತ್ತು ವರ್ಷ ತೀವ್ರ ಮಧ್ಯಮದ ತಂಬೂರಿ ಹಿಡಿದಿದ್ದೆ ಎಂದಾಯಿತು. ಮರುದಿನವೇ ಡಬ್ಬಿಯ ಸ್ಕ್ರೂ ಬಿಚ್ಚಿದೆ.

ಮನೆಯಲ್ಲೇ ಕಟ್ಟಿದ ಆಂಪ್ಲಿ ಚೆನ್ನಾಗಿ ಹಾಡುತ್ತಿಲ್ಲ ಎಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಐಸಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವರೂ ಅದನ್ನೇ ಹೇಳುತ್ತಾರೆ: “ಅದು ತೆಗೀರಿ, ಇದು ಹಾಕಿ.” ನಾನೂ ಬದಲಿಸಿದೆ, ಆದರೆ ಕೊನೆಗೆ. ಸದ್ದು ಸುಧಾರಿಸಿದ್ದರಲ್ಲಿ ಮುಕ್ಕಾಲು ಪಾಲು ಹೊಸ ಐಸಿ ಬರುವ ಮೊದಲೇ, ಬರೀ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿದ್ದಿದ್ದರಿಂದಲೇ ಆಗಿತ್ತು.

ಬಿಚ್ಚುವ ಮುನ್ನ ಕೇಳಿ

ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂತು ಕೇಳಿದರೆ ಎರಡು ದಿನದ ಕೆಲಸ ಉಳಿಯುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ಸದ್ದು ಹಾಗೇ ಇದ್ದರೆ ದೋಷ ಪವರ್ ಸಪ್ಲೈಯಲ್ಲೋ ಗ್ರೌಂಡ್ ವೈರಿಂಗಿನಲ್ಲೋ ಇದೆ. ವಾಲ್ಯೂಮ್ ಜೊತೆಗೇ ಏರಿಳಿದರೆ ಅದು ವಾಲ್ಯೂಮ್ ಕಂಟ್ರೋಲಿಗಿಂತ ಮುಂಚೆಯೇ ಒಳಗೆ ಬರುತ್ತಿದೆ. ಇನ್‌ಪುಟ್ ಸಾಕೆಟ್, ಷೀಲ್ಡ್ ಇಲ್ಲದ ವೈರು, ಇಲ್ಲವೇ ಹಾಡು ಕೊಡುತ್ತಿರುವ ಯಂತ್ರ ನೋಡಿ. ನಾಬ್ ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ವಾಲ್ಯೂಮ್ ಕಂಟ್ರೋಲಿನ ಲೋಹದ ಮೈ ಗ್ರೌಂಡಿಗೆ ಸೇರಿಲ್ಲ. ಸದ್ದಿನ ಬಣ್ಣವೂ ಸುಳಿವು ಕೊಡುತ್ತದೆ. ಮೆತ್ತಗೆ, ಆಳವಾಗಿ ಗುಂ ಎನ್ನುವುದು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಹಾದ ಇನ್‌ಪುಟ್ ವೈರು ಅದನ್ನು ಹೀರಿಕೊಳ್ಳುತ್ತದೆ. ಜೀರುಂಡೆಯಂತೆ ಅಂಚಿರುವ ಸದ್ದು 100 ಹರ್ಟ್ಸ್. ಅದು ಡಯೋಡು–ಕೆಪ್ಯಾಸಿಟರ್ ಕಡೆಯದು.

ನನ್ನದು ವಾಲ್ಯೂಮ್ ಇಳಿಸಿದರೂ ನಿಲ್ಲದ, ಅಂಚಿರುವ ಸದ್ದು. ಒಳಗೆ ಇದ್ದದ್ದು ಆ ಕಾಲದ ಎಲ್ಲರ ಡಬ್ಬಿಯಲ್ಲೂ ಇದ್ದಂಥದ್ದೇ: 12-0-12 ವೋಲ್ಟಿನ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಎರಡು ಡಯೋಡು, ಪವರ್ ಸಪ್ಲೈಗೆ 1000 ಮೈಕ್ರೋಫ್ಯಾರಡಿನ ಒಂದೇ ಕೆಪ್ಯಾಸಿಟರ್, ಎಡಕ್ಕೊಂದು ಬಲಕ್ಕೊಂದು ಟಿಡಿಎ2030 ಐಸಿ. ಗ್ರೌಂಡ್ ವೈರು ಒಂದೇ ಎಳೆ. ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿಯಿಂದ ಹೊರಟು ಇನ್‌ಪುಟ್ ಸಾಕೆಟ್, ವಾಲ್ಯೂಮ್, ಎರಡೂ ಬೋರ್ಡು, ಸ್ಪೀಕರ್ ಎಲ್ಲವನ್ನೂ ಹೂವಿನ ದಂಡೆಯ ಹಾಗೆ ಪೋಣಿಸಿಕೊಂಡು ಕೊನೆಗೆ ಕೆಪ್ಯಾಸಿಟರ್ ತಲುಪುತ್ತಿತ್ತು. ಪತ್ರಿಕೆಯಲ್ಲಿ ಬಂದ ಸರ್ಕ್ಯೂಟ್ ನೋಡಿ ಕಟ್ಟಿದ್ದೆ. ಚಿತ್ರದಲ್ಲಿ ಗ್ರೌಂಡಿನ ಗುರುತು ಹತ್ತು ಕಡೆ ಇರುತ್ತದೆ, ಹತ್ತೂ ಒಂದೇ ಎಂಬಂತೆ. ಕಾಗದದ ಮೇಲೆ ಒಂದೇ, ತಾಮ್ರದಲ್ಲಿ ಒಂದೇ ಅಲ್ಲ.

ಅಬ್ಬಿ ನೀರಿನ ಪೈಪು

ಮಲೆನಾಡಿನಲ್ಲಿ ಗುಡ್ಡದ ಅಬ್ಬಿಯಿಂದ ಪೈಪು ಎಳೆದು ನೀರು ತರುವವರಿಗೆ ಇದನ್ನು ವಿವರಿಸುವುದೇ ಬೇಡ. ಒಂದೇ ಪೈಪು ತೋಟದ ಜೆಟ್ಟಿಗೂ ಕೊಟ್ಟಿಗೆಗೂ ಅಡುಗೆಮನೆಗೂ ಹೋಗುತ್ತಿದ್ದರೆ, ತೋಟದಲ್ಲಿ ಜೆಟ್ ತಿರುಗಿದ ಕೂಡಲೇ ಅಡುಗೆಮನೆಯ ನಲ್ಲಿ ಬಿಕ್ಕಳಿಸುತ್ತದೆ. ನಲ್ಲಿ ಕೆಟ್ಟಿಲ್ಲ. ಪೈಪು ಹಂಚಿಕೊಂಡದ್ದೇ ತಪ್ಪು.

ಆಂಪ್ಲಿಯಲ್ಲಿ ಆ ಜೆಟ್ ಎಂದರೆ ಕೆಪ್ಯಾಸಿಟರ್ ತುಂಬಿಸುವ ಕರೆಂಟು. ಕೆಪ್ಯಾಸಿಟರ್ ಸದಾ ತುಂಬುತ್ತಿರುವುದಿಲ್ಲ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ, ಅಲೆಯ ನೆತ್ತಿಯಲ್ಲಿ, ಎರಡು ಮಿಲಿಸೆಕೆಂಡಿನಷ್ಟು ಹೊತ್ತು ಗಬಕ್ಕನೆ ನುಂಗುತ್ತದೆ. ಹಾಡು ಇಲ್ಲದಾಗಲೂ ಎರಡು ಟಿಡಿಎ2030 ಸೇರಿ ಸುಮಾರು 80 ಮಿಲಿಆಂಪಿಯರ್ ಕುಡಿಯುತ್ತವೆ. ಅಷ್ಟನ್ನು ಐದರಲ್ಲೊಂದು ಪಾಲು ಸಮಯದಲ್ಲಿ ತುಂಬಿಸಬೇಕಾದರೆ ಪ್ರತಿ ಗುಟುಕೂ 0.4 ಆಂಪಿಯರ್. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು 10 ಸೆಂಟಿಮೀಟರ್ ಇದ್ದರೆ ಅದರ ರೆಸಿಸ್ಟೆನ್ಸ್ ಸುಮಾರು 3.5 ಮಿಲಿಓಮ್. ಗುಣಿಸಿದರೆ ಆ ತುಂಡಿನ ಎರಡು ತುದಿಗಳ ನಡುವೆ 1.4 ಮಿಲಿವೋಲ್ಟ್. ಇಷ್ಟೇ ತಾನೆ ಎನ್ನಬೇಡಿ. ಇನ್‌ಪುಟ್ಟಿನ ಗ್ರೌಂಡ್ ಆ ತುಂಡಿನ ಆಚೆ ತುದಿಯಲ್ಲಿದ್ದರೆ ಐಸಿ ಅದನ್ನೂ ಸಂಗೀತ ಎಂದೇ ತಿಳಿಯುತ್ತದೆ. ನನ್ನ ಬೋರ್ಡು ಬಂದದ್ದನ್ನು 33 ಪಟ್ಟು ಹಿಗ್ಗಿಸುತ್ತಿತ್ತು. ಸ್ಪೀಕರಿನಲ್ಲಿ 46 ಮಿಲಿವೋಲ್ಟ್. ರಾತ್ರಿ ಕೋಣೆ ನಿಶ್ಶಬ್ದವಾದಾಗ ಧಾರಾಳವಾಗಿ ಕೇಳುತ್ತದೆ. ಜೋರಾಗಿ ಹಾಡಿಸಿದರೆ ಆ ಗುಟುಕು ಹಲವು ಪಟ್ಟು ದೊಡ್ಡದಾಗುತ್ತದೆ. ಆಗ ಗುಂಯ್ ಸದ್ದು ಹಾಡಿನ ಹಿಂದೆ ಅಡಗಿಕೊಂಡು ತಬಲಾದ ಬಾಯಾವನ್ನು ಕೆಸರು ಮಾಡುತ್ತದೆ. “ಬಾಸ್ ಸ್ವಲ್ಪ ಮಂದ” ಎಂದು ಟೋನ್ ಕಂಟ್ರೋಲ್ ಸೇರಿಸಲು ಹೊರಡುವುದು ಇಂಥ ಹೊತ್ತಿನಲ್ಲೇ.

ಹಾಗಾಗಿ ಮೊದಲ ದಿನ ಒಂದೇ ಕೆಲಸ ಮಾಡಿದೆ. ಐಸಿ, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಯಾವುದನ್ನೂ ಮುಟ್ಟದೆ ಗ್ರೌಂಡ್ ವೈರುಗಳನ್ನಷ್ಟೇ ಕತ್ತರಿಸಿ ಮತ್ತೆ ಹಾಕಿದೆ. ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿ ನೇರ ಕೆಪ್ಯಾಸಿಟರಿನ ಕಾಲಿಗೆ. ಆ ಗಬಕ್ಕನೆ ನುಂಗುವ ಆಟ ಅಲ್ಲಿಗೇ ಮುಗಿಯಬೇಕು. ಅಲ್ಲಿಂದ ಗಿಡ್ಡನೆಯ ದಪ್ಪ ವೈರು ಒಂದೇ ಒಂದು, ಒಂದು ತಾಮ್ರದ ಬಿಲ್ಲೆಗೆ. ಉಳಿದವರೆಲ್ಲ ಆ ಬಿಲ್ಲೆಗೆ ಬೇರೆ ಬೇರೆಯಾಗಿ ಬರಬೇಕು: ಎಡ ಸ್ಪೀಕರಿನ ಮರಳು ವೈರು, ಬಲದ್ದು, ಬೋರ್ಡುಗಳ ಪವರ್ ಗ್ರೌಂಡು, ಇನ್‌ಪುಟ್ ಗ್ರೌಂಡು. ಸ್ಪೀಕರಿನ ಮರಳು ವೈರನ್ನು ಹತ್ತಿರ ಸಿಕ್ಕಿತೆಂದು ಬೋರ್ಡಿಗೆ ಬೆಸೆಯಬೇಡಿ. ಅದರಲ್ಲಿ ಹರಿಯುವುದೂ ಆಂಪಿಯರ್‌ಗಟ್ಟಲೆ. ಇನ್‌ಪುಟ್ ವೈರಿಗೆ ಷೀಲ್ಡ್ ಇರುವುದನ್ನೇ ಹಾಕಿ, ಬೋರ್ಡಿಗೆ ಹೋಗುವ ಸಿಗ್ನಲ್ ಗ್ರೌಂಡಿಗೆ ದಾರಿ ಒಂದೇ ಇರಲಿ. ಸಾಕೆಟ್ಟುಗಳು ತಗಡಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಕೊಡಿ, ಇಲ್ಲವಾದರೆ ಇಷ್ಟೆಲ್ಲ ಮಾಡಿಯೂ ಹಿಂಬಾಗಿಲಿನಿಂದ ಇನ್ನೊಂದು ದಾರಿ ಹುಟ್ಟುತ್ತದೆ. ಟ್ರಾನ್ಸ್‌ಫಾರ್ಮರಿನ ಎಸಿ ವೈರುಗಳನ್ನು ಒಂದಕ್ಕೊಂದು ಜಡೆಯಂತೆ ಹೊಸೆದು ಡಬ್ಬಿಯ ಮೂಲೆಗೆ ಒತ್ತಿದೆ. ಟ್ರಾನ್ಸ್‌ಫಾರ್ಮರನ್ನೂ ಇನ್‌ಪುಟ್ಟಿನಿಂದ ದೂರದ ಮೂಲೆಗೆ ಸರಿಸಿದೆ. ಸ್ಕ್ರೂ ಬಿಗಿಯುವ ಮೊದಲು ಅದನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ, ಸದ್ದು ಎಲ್ಲಿ ಕನಿಷ್ಠವೋ ಅಲ್ಲಿ ನಿಲ್ಲಿಸಬಹುದು. (230 ವೋಲ್ಟಿನ ಜೋಡಣೆಗಳ ಮೇಲೆಲ್ಲ ಸ್ಲೀವ್ ಹಾಕಿದ ಮೇಲೆ ಮಾತ್ರ ಇದು. ಒಂದು ಕೈ ಜೇಬಿನಲ್ಲಿರಲಿ.)

ಆ ರಾತ್ರಿ ಕಿವಿಯನ್ನು ಸ್ಪೀಕರಿಗೆ ಅಂಟಿಸಿದರೆ ಮಾತ್ರ ಗುಂಯ್ ಕೇಳುತ್ತಿತ್ತು. ಖರ್ಚಾದದ್ದು ಎರಡು ಮೀಟರ್ ವೈರು.

ಇಲ್ಲಿ ಒಂದು ಮಾತು ಸಿಟ್ಟಿನಿಂದಲೇ ಹೇಳಬೇಕು. ಹಮ್ (ಇದೇ ಗುಂಯ್ ಸದ್ದು) ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ವೈರು ಕತ್ತರಿಸುವವರು ಬಹಳ ಜನ. ಸದ್ದು ಹೋಗುವುದೂ ನಿಜ. ಆದರೆ ತಗಡಿನ ಡಬ್ಬಿಯೊಳಗೆ ಫೇಸ್ ವೈರು ಎಂದಾದರೂ ಕಿತ್ತು ಬಂದು ತಗುಲಿದರೆ ಡಬ್ಬಿ ಮುಟ್ಟಿದವರ ಕಥೆ ಮುಗಿಯಿತು. ಅರ್ಥಿಂಗ್ ವೈರು ಡಬ್ಬಿಯ ಮೈಗೆ, ಬಣ್ಣ ಕೆರೆದ ಜಾಗದಲ್ಲಿ, ನಟ್ಟು ಬೋಲ್ಟಿನಿಂದಲೇ ಕೂರಬೇಕು. ಚಾರ್ಜರಿನಲ್ಲಿರುವ ಲ್ಯಾಪ್‌ಟಾಪನ್ನು ಜೋಡಿಸಿದಾಗ ಮಾತ್ರ ಗುಂಯ್ ಬರುತ್ತದಾದರೆ, ಅದು ಎರಡು ಅರ್ಥಿಂಗ್‌ಗಳು ಸೇರಿ ಮಾಡಿಕೊಂಡ ಸುತ್ತು. ಅದಕ್ಕೆ ಮದ್ದು ಬೇರೆ: ತಾಮ್ರದ ಬಿಲ್ಲೆಯನ್ನು ಡಬ್ಬಿಯ ಮೈಗೆ ನೇರ ಸೇರಿಸದೆ 10 ಓಮ್ ರೆಸಿಸ್ಟರ್ ಮೂಲಕ ಸೇರಿಸುವುದು, ಆ ರೆಸಿಸ್ಟರಿಗೆ ಅಡ್ಡಲಾಗಿ ದಪ್ಪನೆಯ ಡಯೋಡುಗಳನ್ನು ಎದುರು ಬದುರಾಗಿ ಹಾಕುವುದು. ಸಣ್ಣ ಪುಟ್ಟ ಕರೆಂಟಿಗೆ 10 ಓಮ್ ತಡೆ. ನಿಜವಾದ ಅಪಾಯ ಬಂದರೆ ಡಯೋಡು ದಾರಿ ಬಿಡುತ್ತದೆ. ಡಬ್ಬಿಯ ಅರ್ಥಿಂಗ್ ಹಾಗೇ ಇರುತ್ತದೆ.

ಒಣಗಿದ ಕೆಪ್ಯಾಸಿಟರ್, ಅದೇ ಟ್ರಾನ್ಸ್‌ಫಾರ್ಮರ್

ಎರಡನೆಯ ದಿನ ಪವರ್ ಸಪ್ಲೈ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನೊಳಗೆ ದ್ರವವಿರುತ್ತದೆ. ಬಿಸಿ ಹೀಟ್ ಸಿಂಕಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತರೆ ಒಣಗುತ್ತದೆ. ತಲೆ ಉಬ್ಬುತ್ತದೆ, ಕೆಲವೊಮ್ಮೆ ಉಬ್ಬದೆಯೂ ಸಾಯುತ್ತದೆ. ಹೊಸದು 1000 ಮೈಕ್ರೋಫ್ಯಾರಡ್ ಇದ್ದರೂ ಸಾಲುತ್ತಿರಲಿಲ್ಲ ಎನ್ನಲು ಒರಟು ಲೆಕ್ಕ ಸಾಕು: ಅರ್ಧ ಆಂಪಿಯರ್ ಎಳೆದರೆ ಎರಡು ಗುಟುಕುಗಳ ನಡುವೆ 16 ವೋಲ್ಟಿನಲ್ಲಿ ಹತ್ತಿರ ಹತ್ತಿರ 5 ವೋಲ್ಟ್ ಕುಸಿಯುತ್ತದೆ. 4700 ಹಾಕಿದರೆ ಕುಸಿತ ಸುಮಾರು 1 ವೋಲ್ಟ್. 85 ಡಿಗ್ರಿಯದ್ದರ ಬದಲು 105 ಡಿಗ್ರಿ ಎಂದು ಬರೆದದ್ದನ್ನು ಕೊಳ್ಳಿ. ಚಿನ್ನದ ಬಣ್ಣದ “ಆಡಿಯೋ” ಕೆಪ್ಯಾಸಿಟರಿಗೆ ನಾಲ್ಕು ಪಟ್ಟು ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಆ ದುಡ್ಡನ್ನು ದೊಡ್ಡ ಹೀಟ್ ಸಿಂಕಿಗೆ ಹಾಕಿ.

ಇದೇ ಹೊತ್ತಿಗೆ ನನ್ನ ಹಳೆಯ ಹೆಮ್ಮೆಯೊಂದು ಇಳಿಯಿತು. ಇಪ್ಪತ್ತು ಇಪ್ಪತ್ತು ವ್ಯಾಟಿನ ಆಂಪ್ಲಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. 16 ವೋಲ್ಟಿನ ಒಂದೇ ಸಪ್ಲೈಯಲ್ಲಿ 8 ಓಮ್ ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 3 ವ್ಯಾಟ್. ಬಜಾರಿನ 4440 ಬೋರ್ಡಿನ ಮೇಲೆ ನೂರು, ಇನ್ನೂರು ವ್ಯಾಟ್ ಎಂದು ಅಚ್ಚು ಹಾಕಿರುತ್ತಾರೆ. ಸಾನ್ಯೋ ಕಂಪನಿ ಆ ಎಲ್‌ಎ4440 ಐಸಿಯನ್ನು ಮಾಡಿದ್ದು ಕಾರಿನ ಬ್ಯಾಟರಿಯ ವೋಲ್ಟೇಜಿಗೆ, 4 ಓಮ್ ಸ್ಪೀಕರಿಗೆ, ಕಡೆಗೊಂದು 6 ವ್ಯಾಟ್ ಲೆಕ್ಕದಲ್ಲಿ. ನಿಮ್ಮದು ಆ ಬೋರ್ಡಾಗಿದ್ದರೆ ಹೆಚ್ಚು ಗುದ್ದಾಡಬೇಡಿ. ಅದು 18 ವೋಲ್ಟಿಗಿಂತ ಹೆಚ್ಚು ತಡೆಯುವಂಥದ್ದಲ್ಲ. 12-0-12 ಟ್ರಾನ್ಸ್‌ಫಾರ್ಮರ್ ಕೊಟ್ಟು, ರಾತ್ರಿ ಮನೆಯ ಕರೆಂಟು 250ಕ್ಕೆ ಏರಿದರೆ ಆ ಗಡಿ ದಾಟುತ್ತದೆ. ಅದರ ಬದಲು 12 ವೋಲ್ಟ್ 5 ಆಂಪಿಯರಿನ ಒಳ್ಳೆಯ ಎಸ್‌ಎಂಪಿಎಸ್ ಕೊಟ್ಟು, ಗ್ರೌಂಡ್ ವೈರು ತಿದ್ದಿ, ಖುಷಿಯಾಗಿರಿ.

ನನಗೆ ಟ್ರಾನ್ಸ್‌ಫಾರ್ಮರ್ ಬದಲಿಸಲು ಮನಸ್ಸಿರಲಿಲ್ಲ, ಬದಲಿಸಬೇಕಾಗಿಯೂ ಬರಲಿಲ್ಲ. ಅದೇ 12-0-12ಕ್ಕೆ ಎರಡು ಡಯೋಡಿನ ಬದಲು ಬ್ರಿಡ್ಜ್ ಹಾಕಿ ನಡುವಿನ ತಂತಿಯನ್ನು ಗ್ರೌಂಡ್ ಮಾಡಿದರೆ ಪ್ಲಸ್ 16, ಮೈನಸ್ 16 ಎರಡೂ ಸಿಗುತ್ತವೆ. ಸ್ಪೀಕರಿಗೆ ಎರಡೂ ದಿಕ್ಕಿಗೆ ಆಡಲು ಜಾಗ ಇಮ್ಮಡಿ, ವ್ಯಾಟ್ ಸುಮಾರು ನಾಲ್ಮಡಿ: 8 ಓಮಿಗೆ ಹತ್ತು ವ್ಯಾಟಿನ ಹತ್ತಿರ. ಸ್ಪೀಕರಿನ ದಾರಿಯಲ್ಲಿದ್ದ ಕೆಪ್ಯಾಸಿಟರೂ ಬೇಡ. ಒಂದೇ ತೊಡಕು: ಟಿಡಿಎ2030ರ ಮಿತಿ ಪ್ಲಸ್ ಮೈನಸ್ 18 ವೋಲ್ಟ್. ಹಾಡಿಲ್ಲದೆ ಹಗುರವಾಗಿದ್ದಾಗ, 250 ವೋಲ್ಟಿನ ರಾತ್ರಿಯಲ್ಲಿ ಇದೇ ಟ್ರಾನ್ಸ್‌ಫಾರ್ಮರ್ 19 ದಾಟಬಲ್ಲದು. ಐಸಿ ಬದಲಿಸಲು ನನಗೆ ಸಿಕ್ಕ ನಿಜವಾದ ಕಾರಣ ಇದು, ‘ಸ್ವರ ಮಾಧುರ್ಯ’ ಅಲ್ಲ.

ತಂದದ್ದು ಎಲ್‌ಎಂ1875. ನ್ಯಾಷನಲ್ ಸೆಮಿಕಂಡಕ್ಟರ್ ರೂಪಿಸಿದ್ದು. ಆ ಕಂಪನಿಯನ್ನು 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. ಪ್ಲಸ್ ಮೈನಸ್ 30 ವೋಲ್ಟ್ ತಡೆಯುತ್ತದೆ, ಐದು ಕಾಲುಗಳ ಕ್ರಮ ಟಿಡಿಎ2030ರದ್ದೇ. ಬಜಾರಿನಲ್ಲಿ ನಕಲಿಯೂ ಬೇಕಾದಷ್ಟಿದೆ. ಬೆಲೆ ತೀರಾ ಕಡಿಮೆ ಇದ್ದರೆ, ಹೆಸರಿನ ಅಚ್ಚು ಅಸಿಟೋನ್ ತಾಗಿದ ಕೂಡಲೇ ಅಳಿಸಿದರೆ ಅನುಮಾನಿಸಿ. ನಾನು ಮೊದಲು ತಂದ ಜೋಡಿಯಲ್ಲಿ ಒಂದು ಅಂಥದ್ದೇ ಇತ್ತು.

ಈ ಐಸಿ ಹತ್ತು ಪಟ್ಟಿಗಿಂತ ಕಡಿಮೆ ಹಿಗ್ಗಿಸುವಂತೆ ಕಟ್ಟಿದರೆ ನೆಟ್ಟಗೆ ನಿಲ್ಲುವುದಿಲ್ಲ. 20 ಕಿಲೋಓಮ್ ಮತ್ತು 1 ಕಿಲೋಓಮ್ ಜೋಡಿ ಹಾಕಿದರೆ 21 ಪಟ್ಟು. ಹಳೆಯ 33ಕ್ಕೆ ಹೋಲಿಸಿದರೆ ಉಳಿದ ಹಮ್ಮೂ ಸುಂಯ್ ಸದ್ದೂ ಅದರಿಂದಲೇ ಸುಮಾರು 4 ಡೆಸಿಬೆಲ್ ಇಳಿಯುತ್ತದೆ, ಮೊಬೈಲಿನಿಂದ ಬರುವ ಅರ್ಧ ವೋಲ್ಟಿಗೆ ಇದು ಸಾಕು. ಐಸಿಯ ಕಾಲಿನಿಂದ ಒಂದೆರಡು ಸೆಂಟಿಮೀಟರಿನೊಳಗೆ ಪ್ಲಸ್ಸಿಗೂ ಮೈನಸ್ಸಿಗೂ 0.1 ಮೈಕ್ರೋಫ್ಯಾರಡ್ ಒಂದೊಂದು ಇರಲೇಬೇಕು, ಜೊತೆಗೆ 100ರ ಎಲೆಕ್ಟ್ರೊಲಿಟಿಕ್. ಔಟ್‌ಪುಟ್ಟಿನಿಂದ ಗ್ರೌಂಡಿಗೆ 1 ಓಮ್ ರೆಸಿಸ್ಟರ್, 0.22 ಮೈಕ್ರೋಫ್ಯಾರಡ್ ಸಾಲಾಗಿ. ಇವನ್ನು ಬಿಟ್ಟರೂ ಹಾಡು ಬರುತ್ತದೆ, ಅದೇ ಮೋಸ. ಕಿವಿಗೆ ಎಟುಕದ ಎತ್ತರದಲ್ಲಿ ಐಸಿ ತಾನೇ ತಾನಾಗಿ ಕಿರುಚಿಕೊಳ್ಳುತ್ತಿರುತ್ತದೆ. ಹಾಡಿಲ್ಲದಾಗಲೂ ಹೀಟ್ ಸಿಂಕ್ ಸುಡುತ್ತಿದ್ದರೆ ಇದನ್ನೇ ಮೊದಲು ನೋಡಿ.

ಐಸಿಯ ಬೆನ್ನಿನ ತಗಡು ಮೈನಸ್ ಸಪ್ಲೈಗೆ ಸೇರಿದ್ದು. ಮೈಕಾ ಹಾಳೆ, ಎರಡೂ ಬದಿಗೆ ತೆಳ್ಳಗೆ ಹೀಟ್ ಸಿಂಕ್ ಪೇಸ್ಟ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಇಲ್ಲದೆ ಬಿಗಿದರೆ ಡಬ್ಬಿಯೇ ಶಾರ್ಟ್. ಪೇಸ್ಟನ್ನು ದೋಸೆಗೆ ಬೆಣ್ಣೆ ಹಚ್ಚಿದಂತೆ ಹಚ್ಚುವವರಿದ್ದಾರೆ. ಅದು ಬಿಸಿಯನ್ನು ದಾಟಿಸುವ ಬದಲು ತಡೆಯುತ್ತದೆ. ಬಿಗಿದ ಮೇಲೆ ಐಸಿಯ ತಗಡಿಗೂ ಹೀಟ್ ಸಿಂಕಿಗೂ ಮಲ್ಟಿಮೀಟರ್ ಇಟ್ಟು ನೋಡಿ, ಕುಂಯ್ ಎನ್ನಬಾರದು. ಜೋರಾಗಿ ಹಾಡುವಾಗ ಒಂದೊಂದು ಐಸಿಯೂ 9 ವ್ಯಾಟಿನವರೆಗೆ ಬಿಸಿ ಕಾರಬಹುದು. ಅಂಗೈಯಗಲದ ತೆಳು ಅಲ್ಯೂಮಿನಿಯಂ ಪಟ್ಟಿ ಅದಕ್ಕೆ ಸಾಲದು.

ವಾಲ್ಯೂಮ್ ಕಂಟ್ರೋಲ್ ಕರಕರ ಎನ್ನುತ್ತಿದ್ದರೆ ಸ್ಪ್ರೇ ಹೊಡೆಯುವುದು ತಾತ್ಕಾಲಿಕ, ಬದಲಿಸುವುದೇ ವಾಸಿ. ಕೊಳ್ಳುವಾಗ ಲಾಗ್ ಎಂದು ಕೇಳಿ. ಅದರ ಮೇಲೆ ‘ಎ’ ಅಕ್ಷರವಿರುತ್ತದೆ. ‘ಬಿ’ ತಂದರೆ ಕಾಲು ಸುತ್ತಿನಲ್ಲೇ ಹಾಡು ಅಬ್ಬರಿಸಿ ಉಳಿದ ಮುಕ್ಕಾಲು ಸುತ್ತು ವ್ಯರ್ಥ.

ಬಲ್ಬ್ ಹೇಳುವ ಮಾತು

ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಗೋಡೆಗೆ ಒಂದು ಸೀರೀಸ್ ಬೋರ್ಡ್ ಇರುತ್ತಿತ್ತು: ಫೇಸ್ ವೈರಿನ ದಾರಿಯಲ್ಲಿ ಒಂದು ಬಲ್ಬ್, ಅದರ ನಂತರ ಸಾಕೆಟ್. ಹೊಸದಾಗಿ ಕಟ್ಟಿದ ಯಾವುದನ್ನೂ ನೇರ ಕರೆಂಟಿಗೆ ಹಾಕದೆ ಇದರ ಮೂಲಕವೇ ಹಾಕಿ. ತಂತಿಯ ಹಳೆ ಕಾಲದ 60 ವ್ಯಾಟ್ ಬಲ್ಬೇ ಬೇಕು, ಎಲ್‌ಇಡಿ ಕೆಲಸಕ್ಕೆ ಬಾರದು. ಸ್ವಿಚ್ ಒತ್ತಿದಾಗ ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಕೆಪ್ಯಾಸಿಟರ್ ತುಂಬಿ ಶಾಂತವಾಯಿತು ಎಂದರ್ಥ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಬಲ್ಬು ಉರಿಯಿತು, ನಿಮ್ಮ ಐಸಿ ಉಳಿಯಿತು. ನನ್ನದು ಮೊದಲ ಸಲ ಉರಿಯುತ್ತಲೇ ಇತ್ತು. ಒಂದು ಕೆಪ್ಯಾಸಿಟರನ್ನು ತಿರುಗಾಮುರುಗ ಬೆಸೆದಿದ್ದೆ. ಹತ್ತೊಂಬತ್ತು ವರ್ಷಗಳ ಅನುಭವ!

ಆಮೇಲೆಯೂ ಸ್ಪೀಕರ್ ಜೋಡಿಸುವ ಅವಸರ ಬೇಡ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಸ್ಪೀಕರಿನ ಕಾಯಿಲ್ ಸುಡುವುದು ಖಚಿತ. ಈಗ ಮಧ್ಯದಲ್ಲಿ ಕಾಯುವ ಕೆಪ್ಯಾಸಿಟರ್ ಇಲ್ಲ ಎಂಬುದು ನೆನಪಿರಲಿ. ಮೊದಲ ದಿನ ಯಾವುದಾದರೂ ಹಳೆಯ, ಹೋದರೆ ಹೋಗಲಿ ಎನ್ನುವ ಸ್ಪೀಕರಿನಲ್ಲೇ ಹಾಡಿಸಿ. ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ 1 ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಮರೆಯಬೇಡಿ.

ಒಂದೊಂದೇ ಬದಲಿಸಿ, ಪ್ರತಿ ಸಲವೂ ಅದೇ ಹಾಡು ಕೇಳಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಗೊತ್ತಾಗುವುದಿಲ್ಲ, ಕೆಟ್ಟರೆ ಹುಡುಕುವುದೂ ಕಷ್ಟ. ನಾನು ಅದೇ ಖಯಾಲಿನ ಮೊದಲ ಒಂದು ನಿಮಿಷವನ್ನು ನಾಲ್ಕು ದಿನ ಕೇಳಿದೆ. ಮನೆಯವರು ಮೂರನೆಯ ದಿನ ಬಾಗಿಲು ಹಾಕಿಕೊಂಡರು.

ಐದನೆಯ ಸಂಜೆ ಭಾಗವತರನ್ನು ಕರೆದೆ. ಬಂದು ಕೂತರು, ಕಾಫಿ ಕುಡಿದರು, ಸ್ಪೀಕರಿನ ಕಡೆ ನೋಡುತ್ತಲೇ ಇದ್ದರು. “ಹಾಕು ಮಾರಾಯ, ಯಾಕೆ ಕಾಯ್ತೀಯ? ಕರೆಂಟಿಲ್ಲವಾ?” ಎಂದರು. ಆಂಪ್ಲಿ ಚಾಲೂ ಆಗಿ ಕಾಲು ಗಂಟೆಯಾಗಿತ್ತು.

ವಾರದ ನಂತರ ಡಬ್ಬಿ ತೆರೆದು ಹೀಟ್ ಸಿಂಕಿನ ಸ್ಕ್ರೂಗಳನ್ನು ಮತ್ತೊಮ್ಮೆ ತಿರುಗಿಸಿದೆ. ಬಿಸಿಯಾಗಿ ತಣಿದು, ಪೇಸ್ಟ್ ಹರಡಿಕೊಂಡು, ಎರಡೂ ಕಾಲು ಸುತ್ತು ಸಡಿಲಾಗಿದ್ದವು.